‘ನಾಟಿಕ್‌ನ ಮೋಚಿ’ ಹೆನ್ರಿ ವಿಲ್ಸನ್: ಕಸುಬುದಾರರೋ, ಮಾಲೀಕರೋ?

ಪ್ರಶ್ನೆ

ಅಮೆರಿಕದ ಅಂತರ್ಯುದ್ಧದ ಕಾಲದ ಶಾಸಕರ ಬಗ್ಗೆ ಒಂದು ಲೇಖನ ಬರೆಯಲು ಸಿದ್ಧತೆ ನಡೆಸಿದ್ದೇನೆ. ಅದರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಹೆನ್ರಿ ವಿಲ್ಸನ್ ಅವರಿಗೆ ಒಂದು ಭಾಗವನ್ನು ಮೀಸಲಿಟ್ಟಿದ್ದೇನೆ. ಅವರು 1855ರಿಂದ 1873ರವರೆಗೆ ಸೆನೆಟ್ ಸದಸ್ಯರಾಗಿದ್ದರು, ಆ ಬಳಿಕ ಅಧ್ಯಕ್ಷ ಗ್ರಾಂಟ್ ಅವರ ಎರಡನೆಯ ಅವಧಿಯಲ್ಲಿ ಉಪಾಧ್ಯಕ್ಷರಾಗಿ ಅಧಿಕಾರದಲ್ಲಿದ್ದಾಗಲೇ 1875ರಲ್ಲಿ ತೀರಿಕೊಂಡರು ಎಂಬ ಸಂಗತಿಗಳಲ್ಲಿ ಗೊಂದಲವೇನೂ ಇಲ್ಲ. ನನಗೆ ತೊಡಕಾಗಿರುವುದು ಅವರ ಅಡ್ಡಹೆಸರು. ಅವರು ನೆಲೆಸಿದ್ದ ಊರಿನ ಹೆಸರು ಸೇರಿಸಿ ಅವರನ್ನು ಎಲ್ಲೆಡೆಯೂ ‘ನಾಟಿಕ್‌ನ ಮೋಚಿ’ (ಇಂಗ್ಲಿಷಿನಲ್ಲಿ ‘ನಾಟಿಕ್ ಕಾಬ್ಲರ್’) ಎಂದು ಕರೆಯಲಾಗಿದೆ. ಆದರೆ ಅವರ ಜೀವನದ ವಿವರಗಳನ್ನು ನೋಡಿದರೆ, ಅವರು ಕೈಯಲ್ಲಿ ಉಳಿ ಹಿಡಿದು ದುಡಿದ ಕಾಲ ಚಿಕ್ಕದು; ಮುಂದೆ ಅವರೇ ಬೂಟು ತಯಾರಿಕೆಯ ವ್ಯವಹಾರ ಆರಂಭಿಸಿ, ನೂರಕ್ಕೂ ಹೆಚ್ಚು ಜನರಿಗೆ ಕೆಲಸ ಕೊಡುವ ಮಟ್ಟಕ್ಕೆ ಬೆಳೆದರು.

ಹಾಗಾದರೆ ಈ ಅಡ್ಡಹೆಸರು ಚುನಾವಣೆಯ ಮಾತಷ್ಟೆಯೇ? 1840ರ ಅಧ್ಯಕ್ಷ ಚುನಾವಣೆಯಲ್ಲಿ ವಿಗ್ ಪಕ್ಷದವರು ಸುಖವಾಗಿ ಬೆಳೆದ ವಿಲಿಯಂ ಹೆನ್ರಿ ಹ್ಯಾರಿಸನ್ ಅವರನ್ನು ಮರದ ದಿಮ್ಮಿಗಳ ಗುಡಿಸಲಿನ ಮನುಷ್ಯರೆಂದು ಬಿಂಬಿಸಿ ಗೆದ್ದರು. ವಿಲ್ಸನ್ ಅವರೂ ಆ ಪ್ರಚಾರದಲ್ಲೇ ಭಾಷಣಕಾರರಾಗಿ ಹೆಸರು ಮಾಡಿದವರು. ಅದಕ್ಕೇ ನನಗೆ ಅನುಮಾನ. ಎರಡನೆಯ ಪ್ರಶ್ನೆಯೂ ಇದಕ್ಕೆ ಅಂಟಿಕೊಂಡಿದೆ: ಅವರ ಕಸುಬು ಅವರು ರೂಪಿಸಿದ ಕಾನೂನುಗಳಲ್ಲಿ ಎಲ್ಲಾದರೂ ಕಾಣಿಸುತ್ತದೆಯೇ, ಅಥವಾ ಅದು ಬರಿಯ ಪೂರ್ವಕಥೆಯಾಗಿ ಉಳಿಯಿತೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1

ಮೊದಲು ಪದದ ಲೆಕ್ಕವನ್ನು ಮುಗಿಸಿಬಿಡೋಣ. ಇಂಗ್ಲಿಷಿನಲ್ಲಿ ಕಾಬ್ಲರ್ ಎಂದರೆ ಹರಿದ ಬೂಟನ್ನು ರಿಪೇರಿ ಮಾಡುವವನು, ಹೊಸ ಬೂಟು ಮಾಡುವವನನ್ನು ಶೂಮೇಕರ್ ಎನ್ನುತ್ತಾರೆ. ಹಿಂದಿನ ಕಾಲದಲ್ಲಿ ಈ ಎರಡು ಕಸುಬುಗಳ ನಡುವೆ ಸಾಕಷ್ಟು ಮೇಲು ಕೀಳಿನ ಎಣಿಕೆಯೂ ಇತ್ತು. ವಿಲ್ಸನ್ ಅವರು ಮಾಡುತ್ತಿದ್ದದ್ದು ಹೊಸ ಬೂಟುಗಳನ್ನು. ಹಾಗಾಗಿ ಅಕ್ಷರಶಃ ನೋಡಿದರೆ ಅವರು ಮೋಚಿಯೇ ಅಲ್ಲ, ಅಡ್ಡಹೆಸರು ಅವರನ್ನು ಇದ್ದುದಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲಿಸುತ್ತದೆ. ಚುನಾವಣೆಯಲ್ಲಿ ಅದರಿಂದ ಲಾಭವಿತ್ತು ಎನ್ನುವ ನಿಮ್ಮ ಅನುಮಾನ ಅಷ್ಟರ ಮಟ್ಟಿಗೆ ಸರಿಯೇ. ಆದರೆ ಅದರ ಹಿಂದಿನ ಬದುಕು ಸುಳ್ಳಲ್ಲ.

ಅವರು 1812ರ ಫೆಬ್ರವರಿ 16ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಫಾರ್ಮಿಂಗ್ಟನ್‌ನಲ್ಲಿ, ಮರ ಕೊಯ್ಯುವ ಮಿಲ್ಲಿನ ಕೂಲಿಯೊಬ್ಬರ ಮಗನಾಗಿ ಹುಟ್ಟಿದರು. ಆಗ ಅವರ ಹೆಸರು ಜೆರೆಮಾಯ ಜೋನ್ಸ್ ಕೋಲ್‌ಬಾತ್. ಮಕ್ಕಳಿಲ್ಲದ ಶ್ರೀಮಂತ ನೆರೆಯವನೊಬ್ಬನ ಹೆಸರನ್ನು ಮಗುವಿಗೆ ಇಟ್ಟರೆ ಮುಂದೆ ಅವನ ಆಸ್ತಿಯಲ್ಲಿ ಏನಾದರೂ ದಕ್ಕೀತೆಂಬ ಆಸೆಯಿಂದ ತಂದೆ ಹಾಗೆ ಕರೆದರಂತೆ. ಅದೇನೂ ದಕ್ಕಲಿಲ್ಲ. ಹತ್ತನೆಯ ವಯಸ್ಸಿನಲ್ಲಿ ಹುಡುಗನನ್ನು ಒಬ್ಬ ರೈತನ ಬಳಿ ಕರಾರಿನ ಮೇಲೆ ದುಡಿಯಲು ಬಿಟ್ಟರು. ಇಪ್ಪತ್ತೊಂದು ತುಂಬುವವರೆಗೆ ಅಲ್ಲಿಂದ ಬಿಟ್ಟುಹೋಗುವಂತಿರಲಿಲ್ಲ, ವರ್ಷಕ್ಕೆ ಒಂದು ತಿಂಗಳಷ್ಟೇ ಶಾಲೆ. ಹನ್ನೊಂದು ವರ್ಷಗಳ ದುಡಿಮೆ ಮುಗಿದಾಗ ಕೈಗೆ ಬಂದದ್ದು ಒಂದು ಜೋಡಿ ಎತ್ತು ಮತ್ತು ಆರು ಕುರಿ. ಅವುಗಳನ್ನು ಮಾರಿದಾಗ 84 ಡಾಲರ್ ಸಿಕ್ಕಿತೆಂದು ಅವರೇ ಮುಂದೆ ಒಂದು ಭಾಷಣದಲ್ಲಿ ಲೆಕ್ಕ ಒಪ್ಪಿಸಿದ್ದಾರೆ. ಅದೇ ಭಾಷಣದಲ್ಲಿ ಅವರು, ಇಪ್ಪತ್ತೊಂದಾಗುವ ಮೊದಲೇ ಸಾವಿರ ಪುಸ್ತಕಗಳನ್ನು ಓದಿದ್ದೆ ಎಂದೂ ಹೇಳಿದ್ದಾರೆ. ಆ ಓದಿಗೆ ದಾರಿ ಮಾಡಿಕೊಟ್ಟವರು ಅದೇ ಊರಿನ ವಕೀಲ ನೆಹಮಾಯ ಈಸ್ಟ್‌ಮನ್ ಮತ್ತು ಅವರ ಪತ್ನಿ. ಆ ಮನೆಯಿಂದ ಹುಡುಗನಿಗೆ ಪುಸ್ತಕಗಳು ಸಿಗುತ್ತಿದ್ದವು.

1833ರಲ್ಲಿ ಕರಾರು ಮುಗಿದ ಕೂಡಲೇ ಅವರು ಮಾಡಿದ ಮೊದಲ ಕೆಲಸ, ರಾಜ್ಯದ ಶಾಸನಸಭೆಯ ಮೂಲಕ ತಮ್ಮ ಹೆಸರನ್ನು ಹೆನ್ರಿ ವಿಲ್ಸನ್ ಎಂದು ಬದಲಾಯಿಸಿಕೊಂಡದ್ದು. ಆಮೇಲೆ ಕೆಲಸ ಹುಡುಕುತ್ತಾ ನೂರು ಮೈಲಿಗಿಂತ ಹೆಚ್ಚು ದೂರ ನಡೆದು ಮ್ಯಾಸಚೂಸೆಟ್ಸ್‌ನ ನಾಟಿಕ್‌ಗೆ ಬಂದರು. ಅಲ್ಲಿ ಬೂಟು ಮಾಡುವವರೊಬ್ಬರ ಬಳಿ ಐದು ತಿಂಗಳು ದುಡಿದು ಕಸುಬು ಕಲಿಯುವುದೆಂದು ಒಪ್ಪಂದವಾಯಿತು. ಆದರೆ ಅವರು ಕೆಲವೇ ವಾರಗಳಲ್ಲಿ ಕೆಲಸ ಕಲಿತುಕೊಂಡು, 15 ಡಾಲರ್ ಕೊಟ್ಟು ಉಳಿದ ಅವಧಿಯಿಂದ ಬಿಡಿಸಿಕೊಂಡು, ಸ್ವಂತವಾಗಿ ಕೂತರು. ಬದುಕಿನ ಮೊದಲ ಕರಾರು ಹನ್ನೊಂದು ವರ್ಷ ಕಟ್ಟಿಹಾಕಿತ್ತು, ಎರಡನೆಯದನ್ನು ಅವರು ಹಣ ತೆತ್ತು ಕಡಿದುಕೊಂಡರು. ಅವರ ಮುಂದಿನ ರಾಜಕೀಯವನ್ನು ಅರ್ಥಮಾಡಿಕೊಳ್ಳಲು ಈ ಒಂದು ಸಂಗತಿ ನನಗೆ ಅಡ್ಡಹೆಸರಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ.

ಇನ್ನು ಕೆಲಸದ ಸ್ವರೂಪ. ನಾಟಿಕ್‌ನಲ್ಲಿ ತಯಾರಾಗುತ್ತಿದ್ದದ್ದು ಬ್ರೋಗನ್ ಎಂಬ, ಪಾದದ ಗಂಟಿನವರೆಗೆ ಬರುವ, ಒರಟು ತೊಗಲಿನ ದುಡಿಮೆಯ ಬೂಟು. ಆ ಕಾಲದ ನ್ಯೂ ಇಂಗ್ಲೆಂಡಿನಲ್ಲಿ ಬೂಟು ಮಾಡುವವರು ಮನೆಯ ಪಕ್ಕದ ಪುಟ್ಟ ಕೊಠಡಿಗಳಲ್ಲಿ ಕೂತು ಕೆಲಸ ಮಾಡುತ್ತಿದ್ದರು. ಒಂದೊಂದು ಬದಿಯೂ ಸುಮಾರು ಹತ್ತು ಅಡಿ ಇರುತ್ತಿದ್ದುದರಿಂದ ಅವಕ್ಕೆ ‘ಹತ್ತಡಿ’ ಎಂದೇ ಹೆಸರಾಗಿತ್ತು. ದೊಡ್ಡ ವ್ಯಾಪಾರಿ ತನ್ನ ಮಳಿಗೆಯಲ್ಲಿ ಚರ್ಮವನ್ನು ಕತ್ತರಿಸಿ ಕೊಡುತ್ತಿದ್ದ. ಮೇಲ್ಭಾಗದ ತುಂಡುಗಳನ್ನು ಹೆಂಗಸರು ಮನೆಯಲ್ಲೇ ಹೊಲಿಯುತ್ತಿದ್ದರು. ಆಮೇಲೆ ಹತ್ತಡಿಯೊಳಗೆ ಕೂತವರು ಅದನ್ನು ಕಾಲಿನಾಕಾರದ ಮರದ ಅಚ್ಚಿಗೆ ಎಳೆದು ಕೂರಿಸಿ, ತೊಡೆಯ ಮೇಲಿನ ಕಲ್ಲಿನ ಮೇಲೆ ಅಟ್ಟೆಯನ್ನು ಬಡಿದು ಹದಮಾಡಿ, ಉಳಿಯಿಂದ ತೂತು ಚುಚ್ಚಿ, ಮೇಣ ಹಚ್ಚಿದ ದಾರದಿಂದ ಹೊಲಿದು ಅಥವಾ ಸಣ್ಣ ಮರದ ಮೊಳೆಗಳನ್ನು ಬಡಿದು ಅಟ್ಟೆ ಕೂಡಿಸುತ್ತಿದ್ದರು. ಕೈಗಳಿಗೆ ಬಿಡುವಿರಲಿಲ್ಲ, ಕಿವಿ ಬಾಯಿಗಳಿಗೆ ಇತ್ತು. ಈ ಕೊಠಡಿಗಳಲ್ಲಿ ಒಬ್ಬರು ಪತ್ರಿಕೆ ಓದುವುದು, ಉಳಿದವರು ಅದರ ಮೇಲೆ ವಾದ ಹೂಡುವುದು ವಾಡಿಕೆಯಾಗಿತ್ತು. ವಿಲ್ಸನ್ ನಾಟಿಕ್‌ನ ಚರ್ಚಾಕೂಟದಲ್ಲೂ ಮಾತನಾಡಲು ಕಲಿತರು.

ಅತಿಯಾದ ದುಡಿಮೆಯಿಂದ ಆರೋಗ್ಯ ಕೆಟ್ಟಾಗ, 1836ರಲ್ಲಿ ಅವರು ವರ್ಜೀನಿಯದ ಕಡೆಗೆ ಪ್ರವಾಸ ಹೊರಟರು. ದಾರಿಯಲ್ಲಿ ವಾಷಿಂಗ್ಟನ್‌ನಲ್ಲಿ ತಂಗಿದ್ದಾಗ, ಸಂಸತ್ ಭವನದ ಕಣ್ಣಳತೆಯಲ್ಲೇ ಮನುಷ್ಯರನ್ನು ಕೂಡಿಹಾಕಿ ಮಾರುತ್ತಿದ್ದ ದೊಡ್ಡಿಗಳನ್ನು ಕಂಡರು. ಅಲ್ಲಿಂದ ಮರಳುವಾಗ ಗುಲಾಮಗಿರಿಯ ವಿರುದ್ಧ ದುಡಿಯುವ ಸಂಕಲ್ಪ ಮಾಡಿಕೊಂಡಿದ್ದರು. ನ್ಯೂ ಹ್ಯಾಂಪ್‌ಶೈರ್‌ನ ಅಕಾಡೆಮಿಗಳಲ್ಲಿ ಸ್ವಲ್ಪ ಕಾಲ ಓದಿದರು. ಪರಿಚಿತನೊಬ್ಬನ ಬಳಿ ಇಟ್ಟಿದ್ದ ಉಳಿತಾಯ ಮುಳುಗಿದಾಗ ಓದು ನಿಂತಿತು. ನಾಟಿಕ್‌ಗೆ ಮರಳಿ, ಕೇವಲ 12 ಡಾಲರ್ ಬಂಡವಾಳದಿಂದ ತಯಾರಿಕೆಯ ವ್ಯವಹಾರ ಆರಂಭಿಸಿದರು. ನೀವು ಹೇಳುವ ನೂರು ಜನರ ಕಥೆ ಇಲ್ಲಿಂದ ಮುಂದಿನದು. ಅದನ್ನು ಓದುವಾಗ ಹೊಗೆಕೊಳವೆಯ ಕಾರ್ಖಾನೆಯನ್ನು ಕಣ್ಮುಂದೆ ತಂದುಕೊಳ್ಳಬೇಡಿ. ಅಟ್ಟೆ ಹೊಲಿಯುವ ಯಂತ್ರಕ್ಕೆ ಲೈಮನ್ ಬ್ಲೇಕ್ ಪೇಟೆಂಟ್ ಪಡೆದದ್ದೇ 1858ರಲ್ಲಿ. ಅದಕ್ಕೆ ಮೊದಲು ಈ ಉದ್ಯಮದಲ್ಲಿ ನೂರು ಕೆಲಸಗಾರರೆಂದರೆ ಬಹುಮಟ್ಟಿಗೆ ಕೈಯಲ್ಲೇ ದುಡಿಯುವ ನೂರು ಜನ. ವಿಲ್ಸನ್ ಮಾಲೀಕರಾದರು ಎನ್ನುವುದು ನಿಜ. ತಾವು ಕಲಿತ ಕಸುಬನ್ನೇ ಅವರು ಆಳುತ್ತಿದ್ದರು ಎನ್ನುವುದೂ ಅಷ್ಟೇ ನಿಜ.

ಉತ್ತರ 2

ಮೇಲಿನ ಉತ್ತರದಲ್ಲಿನ ಸಂಗತಿಗಳನ್ನು ನಾನು ಒಪ್ಪುತ್ತೇನೆ, ಅದರ ಧಾಟಿಯನ್ನು ಒಪ್ಪಲಾರೆ. ಬಡತನದಿಂದ ಎದ್ದುಬಂದವರ ಕಥೆಯನ್ನು ಹೇಳುವಾಗ ಅವರ ನಂತರದ ನಡೆಗಳಿಗೆಲ್ಲ ಬಡತನವನ್ನೇ ಜಾಮೀನು ಕೊಡಿಸುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ವಿಲ್ಸನ್ ಅವರ ವಿಷಯದಲ್ಲಿ ಮೂರು ಸಂಗತಿಗಳನ್ನಾದರೂ ಎದುರಿಗಿಟ್ಟುಕೊಳ್ಳದೆ ‘ಕಸುಬುದಾರರ ಪ್ರತಿನಿಧಿ’ ಎಂಬ ಮಾತನ್ನು ಬಳಸಬಾರದು.

ಒಂದನೆಯದು ಅವರ ಸರಕಿನದೇ ಪ್ರಶ್ನೆ. ಮ್ಯಾಸಚೂಸೆಟ್ಸ್‌ನಲ್ಲಿ ತಯಾರಾಗುತ್ತಿದ್ದ ಅಗ್ಗದ ಬ್ರೋಗನ್‌ಗಳಿಗೆ ದಕ್ಷಿಣದ ಹತ್ತಿ ತೋಟಗಳು ದೊಡ್ಡ ಮಾರುಕಟ್ಟೆಯಾಗಿದ್ದವು. ತೋಟದ ಮಾಲೀಕರು ಅವನ್ನು ಸಗಟಾಗಿ ಕೊಂಡು ತಮ್ಮ ಗುಲಾಮರಿಗೆ ತೊಡಿಸುತ್ತಿದ್ದರು. ಒಬ್ಬೊಬ್ಬ ತಯಾರಕನ ಮನಸ್ಸಿನಲ್ಲಿ ಏನೇ ಇದ್ದರೂ, ಉತ್ತರದ ಆ ಹತ್ತಡಿ ಕೊಠಡಿಗಳ ಅನ್ನದ ಒಂದು ಪಾಲು ಗುಲಾಮಗಿರಿಯಿಂದಲೇ ಬರುತ್ತಿತ್ತು. ಈ ಕಸುಬಿನ ನೈತಿಕ ಶಕ್ತಿಯ ಬಗ್ಗೆ ಮಾತನಾಡುವವರು ಇದನ್ನು ಮರೆಯಬಾರದು.

ಎರಡನೆಯದು ಅವರು ಸೆನೆಟ್ ತಲುಪಿದ ದಾರಿ. ಆಗ ಸೆನೆಟರುಗಳನ್ನು ಜನರು ನೇರವಾಗಿ ಆರಿಸುತ್ತಿರಲಿಲ್ಲ. ಆ ಪದ್ಧತಿ ಬಂದದ್ದು 1913ರ ಸಂವಿಧಾನ ತಿದ್ದುಪಡಿಯಿಂದ. ರಾಜ್ಯದ ಶಾಸನಸಭೆಯೇ ಆರಿಸಬೇಕಿತ್ತು, 1854ರ ಚುನಾವಣೆಯಲ್ಲಿ ಮ್ಯಾಸಚೂಸೆಟ್ಸ್‌ನ ಶಾಸನಸಭೆ ಬಹುತೇಕ ಪೂರ್ತಿಯಾಗಿ ‘ನೋ ನಥಿಂಗ್’ ಪಕ್ಷದ ಕೈಗೆ ಹೋಗಿತ್ತು. ಅದು ವಲಸೆ ಬಂದವರನ್ನು, ಅದರಲ್ಲೂ ಐರ್ಲೆಂಡಿನ ಕ್ಯಾಥೊಲಿಕ್ ಬಡವರನ್ನು ದ್ವೇಷಿಸುವುದನ್ನೇ ರಾಜಕೀಯವಾಗಿ ಮಾಡಿಕೊಂಡಿದ್ದ ಗುಪ್ತಕೂಟ. ತಮ್ಮ ಸಂಘದ ಬಗ್ಗೆ ಕೇಳಿದರೆ ‘ನನಗೇನೂ ಗೊತ್ತಿಲ್ಲ’ ಎನ್ನಬೇಕೆಂಬ ನಿಯಮದಿಂದಲೇ ಅದಕ್ಕೆ ಆ ಹೆಸರು ಬಂತು. ವಿಲ್ಸನ್ ಆ ಕೂಟವನ್ನು ಸೇರಿ, ಅದರ ಮತಗಳಿಂದ 1855ರ ಜನವರಿಯಲ್ಲಿ ಎಡ್ವರ್ಡ್ ಎವರೆಟ್ ಅವರಿಂದ ತೆರವಾಗಿದ್ದ ಸ್ಥಾನಕ್ಕೆ ಆಯ್ಕೆಯಾದರು. ಕೆಲವೇ ತಿಂಗಳುಗಳಲ್ಲಿ, ಜೂನ್‌ನಲ್ಲಿ ನಡೆದ ಫಿಲಡೆಲ್ಫಿಯಾ ಸಮಾವೇಶದಲ್ಲಿ ಪಕ್ಷವು ಗುಲಾಮಗಿರಿಯ ಪರವಾದ ನಿಲುವು ತಳೆದಾಗ ಹೊರನಡೆದರು. ಹೊರನಡೆದದ್ದಕ್ಕೆ ಮೆಚ್ಚುಗೆ ಸಲ್ಲಿಸೋಣ. ಆದರೆ ಒಳಹೊಕ್ಕಾಗ ಆ ಪಕ್ಷ ಏನೆಂದು ಅವರಿಗೆ ತಿಳಿದಿರಲಿಲ್ಲವೆಂದು ಯಾರೂ ಹೇಳಲಾರರು. ಕೂಲಿಯ ಮಗನೊಬ್ಬ ಕೂಲಿಗೆಂದು ಹಡಗು ಹತ್ತಿ ಬಂದವರ ವಿರೋಧಿಗಳ ಹೆಗಲೇರಿ ಮೇಲೆ ಬಂದದ್ದು ಹೌದಷ್ಟೆ?

ಮೂರನೆಯದು 1863ರ ಮಾರ್ಚ್ 3ರ ಸೇನಾ ಭರ್ತಿ ಕಾಯಿದೆ. ಸೆನೆಟ್‌ನ ಸೇನಾ ವ್ಯವಹಾರಗಳ ಸಮಿತಿಯ ಅಧ್ಯಕ್ಷರಾಗಿ ಅದನ್ನು ಮುಂದಿಟ್ಟವರು ವಿಲ್ಸನ್. ಚೀಟಿಯಲ್ಲಿ ಹೆಸರು ಬಂದವರು 300 ಡಾಲರ್ ಕಟ್ಟಿದರೆ ಅಥವಾ ಬದಲಿಗೆ ಇನ್ನೊಬ್ಬನನ್ನು ಒದಗಿಸಿದರೆ ಯುದ್ಧಕ್ಕೆ ಹೋಗಬೇಕಿರಲಿಲ್ಲ. ಸಾಮಾನ್ಯ ಕೂಲಿಗಾರನಿಗೆ ಅದು ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ. ‘ಧನಿಕರ ಯುದ್ಧ, ಬಡವರ ಕಾದಾಟ’ ಎಂಬ ಮಾತು ಊರೂರಲ್ಲಿ ಕೇಳಿಬಂತು, ಅದೇ ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ ಭರ್ತಿಯ ವಿರುದ್ಧ ಎದ್ದ ದಂಗೆ ಕಪ್ಪುಜನರ ಮೇಲಿನ ಕಗ್ಗೊಲೆಯಾಗಿ ತಿರುಗಿತು. ಎತ್ತು ಕುರಿಗಳನ್ನು ಮಾರಿ 84 ಡಾಲರ್ ಎಣಿಸಿಕೊಂಡಿದ್ದ ಮನುಷ್ಯರಿಗೆ 300 ಡಾಲರ್ ಎಂದರೆ ಎಷ್ಟು ಎಂಬುದು ನೆನಪಿರಬೇಕಿತ್ತು.

ಪ್ರಶ್ನೆ ಕೇಳಿದವರ ಮರುಮಾತು

ಇಬ್ಬರಿಗೂ ಕೃತಜ್ಞತೆಗಳು. ನೋ ನಥಿಂಗ್ ಸಂಬಂಧ ನನಗೆ ಗೊತ್ತಿತ್ತು. ಬ್ರೋಗನ್‌ಗಳ ಮಾರುಕಟ್ಟೆಯ ವಿಚಾರ ಗೊತ್ತಿರಲಿಲ್ಲ, ಅದನ್ನು ಲೇಖನದಲ್ಲಿ ಸೇರಿಸಿಕೊಳ್ಳುತ್ತೇನೆ. ಆದರೂ ನನ್ನ ಎರಡನೆಯ ಪ್ರಶ್ನೆ ಹಾಗೇ ಉಳಿದಿದೆ. ಅವರ ದುಡಿಮೆಯ ಅನುಭವ ಸದನದೊಳಗೆ ಕೇಳಿಸಿದ ಸಂದರ್ಭ ಯಾವುದಾದರೂ ಇದೆಯೇ? ಪ್ರಚಾರದ ವೇದಿಕೆಯ ಮೇಲಿನ ಮಾತು ಬೇಡ. ಕಡತದಲ್ಲಿ ಉಳಿದಿರುವಂಥದ್ದು ಬೇಕು.

ಉತ್ತರ 3

ಅಂಥ ಸಂದರ್ಭ ಇದೆ. ಅದರ ದಿನಾಂಕವನ್ನೂ ಕೊಡಬಲ್ಲೆ.

1858ರ ಮಾರ್ಚ್ 4ರಂದು ದಕ್ಷಿಣ ಕೆರೊಲಿನಾದ ಸೆನೆಟರ್ ಜೇಮ್ಸ್ ಹ್ಯಾಮಂಡ್ ಒಂದು ಭಾಷಣ ಮಾಡಿದರು. ಯಾವ ಸಮಾಜವೇ ಆಗಲಿ, ಕೀಳು ಕೆಲಸಗಳನ್ನು ಮಾಡಲು ಒಂದು ವರ್ಗ ಇರಲೇಬೇಕು, ಅದು ಕಟ್ಟಡದ ಕೆಳಗೆ ಕೆಸರಿನ ಮೇಲೆ ಹಾಸುವ ಮರದ ತೊಲೆಯಿದ್ದಂತೆ ಎಂಬುದು ಅವರ ವಾದ. ದಕ್ಷಿಣದವರಾದ ನಾವು ಆ ತೊಲೆಯನ್ನು ಗುಲಾಮರೆಂದು ನೇರವಾಗಿ ಕರೆಯುತ್ತೇವೆ. ಉತ್ತರದವರು ಕೂಲಿ ಕೊಟ್ಟು ದುಡಿಸಿಕೊಳ್ಳುವ ಕೈಗೆಲಸದವರೆಲ್ಲರೂ ನಿಜದಲ್ಲಿ ಗುಲಾಮರೇ, ಹೆಸರೊಂದು ಬೇರೆ ಎಂದು ಅವರು ಸದನದಲ್ಲೇ ಹೇಳಿದರು. ಉತ್ತರದ ಸೆನೆಟರುಗಳಲ್ಲಿ ಹೆಚ್ಚಿನವರು ವಕೀಲರು. ಅವರು ಈ ಮಾತಿಗೆ ಸಿದ್ಧಾಂತದ ಉತ್ತರ ಕೊಡಬಲ್ಲವರಾಗಿದ್ದರು. ಮಾರ್ಚ್ 20ರಂದು ಎದ್ದುನಿಂತ ವಿಲ್ಸನ್ ಕೊಟ್ಟದ್ದು ಸಾಕ್ಷ್ಯ. ನಾನು ಕೂಲಿಗೆ ಕೈಗೆಲಸ ಮಾಡಿದವನು, ನನ್ನ ಬಾಲ್ಯದ ಮನೆಯ ಮೇಲೆ ಬಡತನದ ನೆರಳಿತ್ತು, ಹತ್ತನೆಯ ವಯಸ್ಸಿನಲ್ಲಿ ದಿನದ ದುಡಿಮೆಯಿಂದ ಅನ್ನ ಸಂಪಾದಿಸಲು ಮನೆ ಬಿಟ್ಟೆ ಎಂಬರ್ಥದ ಮಾತುಗಳನ್ನು ಅವರು ಅಲ್ಲಿ ಆಡಿದರು. ತಾವೇ ಹಿಂದೆ ಕೂಲಿಯಾಳಾಗಿದ್ದು ಈಗ ಹ್ಯಾಮಂಡ್ ಅವರ ಸಮಾನರಾಗಿ ಅದೇ ಸದನದಲ್ಲಿ ಕೂತಿರುವುದೇ ಆ ವಾದಕ್ಕೆ ಉತ್ತರ ಎಂಬ ನಿಲುವು ಅದು. ದುಡಿಯುವವರು ಗುಲಾಮರೇ ಎಂಬ ಪ್ರಶ್ನೆಯನ್ನೇ ತಲೆಬರಹವಾಗಿಟ್ಟು ಆ ಭಾಷಣವನ್ನು ಅಚ್ಚು ಹಾಕಿಸಿ ಹಂಚಿದರು. ಮ್ಯಾಸಚೂಸೆಟ್ಸ್‌ನ ಇನ್ನೊಬ್ಬ ಸೆನೆಟರ್ ಚಾರ್ಲ್ಸ್ ಸಮ್ನರ್ ಹಾರ್ವರ್ಡ್‌ನಲ್ಲಿ ಓದಿದ ಮಹಾ ವಾಗ್ಮಿ. ಆದರೆ ಈ ಒಂದು ಭಾಷಣವನ್ನು ಸಮ್ನರ್ ಮಾಡುವಂತಿರಲಿಲ್ಲ.

ಸಮ್ನರ್ ಹೆಸರು ಬಂದದ್ದರಿಂದ ಇನ್ನೊಂದು ಮಾತು. 1856ರ ಮೇ 22ರಂದು ಪ್ರತಿನಿಧಿ ಸಭೆಯ ದಕ್ಷಿಣದ ಸದಸ್ಯ ಪ್ರೆಸ್ಟನ್ ಬ್ರೂಕ್ಸ್ ಸೆನೆಟ್‌ನೊಳಗೇ ಬಂದು ಸಮ್ನರ್ ಅವರನ್ನು ಬೆತ್ತದಿಂದ ಪ್ರಜ್ಞೆ ತಪ್ಪುವಂತೆ ಹೊಡೆದಾಗ, ಅದು ಕ್ರೂರ, ಕೊಲೆಗಡುಕ ಹಾಗೂ ಹೇಡಿತನದ ಹಲ್ಲೆ ಎಂದು ವಿಲ್ಸನ್ ಸದನದಲ್ಲಿ ಹೇಳಿದರು. ಬ್ರೂಕ್ಸ್ ದ್ವಂದ್ವಯುದ್ಧಕ್ಕೆ ಕರೆದರು. ಅದು ಅನಾಗರಿಕ ಕಾಲದ ಪಳೆಯುಳಿಕೆ, ದೇಶದ ಕಾನೂನು ಅದನ್ನು ಅಪರಾಧವೆನ್ನುತ್ತದೆ ಎಂದು ವಿಲ್ಸನ್ ನಿರಾಕರಿಸಿದರು. ಆದರೆ ತಮ್ಮ ಮೇಲೆ ಬಿದ್ದರೆ ಆತ್ಮರಕ್ಷಣೆಯ ಹಕ್ಕನ್ನು ಬಿಟ್ಟುಕೊಡುವುದಿಲ್ಲವೆಂದೂ ಸೇರಿಸಿದರು. ಕುಲೀನರ ಮರ್ಯಾದೆಯ ಆಟಕ್ಕೆ ಇಳಿಯದೆ, ಹೇಡಿಯೆನಿಸಿಕೊಳ್ಳದೆ ಹೊರಬರುವ ಆ ಜಾಣತನದಲ್ಲಿ ನನಗೆ ಅವರ ಕಸುಬಿನ ಕೊಠಡಿಯ ವಾಸನೆ ಬಡಿಯುತ್ತದೆ; ಇದು ನನ್ನ ಅನಿಸಿಕೆ ಮಾತ್ರ.

ಈಗ ಕಾನೂನುಗಳಿಗೆ ಬರೋಣ. 1836ರಲ್ಲಿ ಕಂಡ ದೊಡ್ಡಿಗಳ ವಿಚಾರವನ್ನು ಮೊದಲ ಉತ್ತರದವರು ಹೇಳಿದ್ದಾರೆ. ಅದರ ಇನ್ನೊಂದು ತುದಿ ಇರುವುದು 1861ರ ಡಿಸೆಂಬರ್‌ನಲ್ಲಿ: ವಾಷಿಂಗ್ಟನ್ ಇರುವ ಕೊಲಂಬಿಯಾ ಜಿಲ್ಲೆಯಲ್ಲಿ ಗುಲಾಮಗಿರಿಯನ್ನು ಕೊನೆಗೊಳಿಸುವ ಮಸೂದೆಯನ್ನು ಸೆನೆಟ್‌ನಲ್ಲಿ ಮಂಡಿಸಿದವರು ವಿಲ್ಸನ್. ಲಿಂಕನ್ ಅದಕ್ಕೆ 1862ರ ಏಪ್ರಿಲ್ 16ರಂದು ಸಹಿ ಹಾಕಿದರು, ಅಂದರೆ ದಂಗೆಯೆದ್ದ ರಾಜ್ಯಗಳ ಗುಲಾಮರಿಗೆ ಸ್ವಾತಂತ್ರ್ಯ ಸಾರಿದ ವಿಮೋಚನಾ ಘೋಷಣೆಗೆ ಎಂಟು ತಿಂಗಳಿಗೂ ಮುಂಚೆ. ಸುಮಾರು 3,100 ಜನ ಬಿಡುಗಡೆಯಾದರು. ಪರಿಹಾರ ಸಿಕ್ಕಿದ್ದು ಬಿಡುಗಡೆಯಾದವರಿಗಲ್ಲ, ಅವರನ್ನು ಇಟ್ಟುಕೊಂಡಿದ್ದವರಿಗೆ, ಒಬ್ಬರಿಗೆ ಸರಾಸರಿ 300 ಡಾಲರಿನ ಮಿತಿಯಲ್ಲಿ. ಎರಡನೆಯ ಉತ್ತರದವರು ಎತ್ತಿದ 300 ಡಾಲರ್ ಇಲ್ಲಿಯೂ ಎದುರಾಗುತ್ತದೆ. ಯುದ್ಧದಿಂದ ತಪ್ಪಿಸಿಕೊಳ್ಳಲೂ ಅಷ್ಟೇ, ಮನುಷ್ಯನೊಬ್ಬನ ಬಿಡುಗಡೆಗೂ ಅಷ್ಟೇ.

ಆದರೆ ಕರಾರಿನ ಆಳಾಗಿ ಬೆಳೆದವರ ಕೈಬರಹ ಹೆಚ್ಚು ಸ್ಪಷ್ಟವಾಗಿ ಕಾಣುವುದು ಸಂಬಳ ಮತ್ತು ಕುಟುಂಬದ ವಿಷಯಗಳಲ್ಲಿ. ಸೇನೆಯಲ್ಲಿ ಬಿಳಿಯ ಸೈನಿಕರಿಗೆ ತಿಂಗಳಿಗೆ 13 ಡಾಲರ್ ಸಂಬಳವಿದ್ದಾಗ, ಕಪ್ಪು ಸೈನಿಕರಿಗೆ 10 ಡಾಲರ್ ಎಂದು ಲೆಕ್ಕ ಹಾಕಿ, ಅದರಲ್ಲೂ ಬಟ್ಟೆಯ ಬಾಬ್ತು 3 ಡಾಲರ್ ಹಿಡಿದುಕೊಳ್ಳುತ್ತಿದ್ದರು. ಮ್ಯಾಸಚೂಸೆಟ್ಸ್‌ನ ಕಪ್ಪು ಪಡೆಗಳು ಆ ಸಂಬಳವನ್ನು ಮುಟ್ಟದೆ ತಿಂಗಳುಗಟ್ಟಲೆ ಹಾಗೇ ಹೋರಾಡಿದವು. ಸಮಾನ ವೇತನಕ್ಕಾಗಿ ಸೆನೆಟ್‌ನಲ್ಲಿ ಪಟ್ಟು ಹಿಡಿದವರು ವಿಲ್ಸನ್, ಅದು 1864ರ ಜೂನ್‌ನಲ್ಲಿ ಕಾನೂನಾಯಿತು. 1865ರ ಮಾರ್ಚ್‌ನಲ್ಲಿ ಅವರ ಪ್ರಯತ್ನದಿಂದಲೇ ಇನ್ನೊಂದು ನಿರ್ಣಯ ಅಂಗೀಕಾರವಾಯಿತು: ಸೇನೆ ಸೇರಿದ ಕಪ್ಪು ಸೈನಿಕರ ಹೆಂಡತಿ ಮಕ್ಕಳೂ, ಅವರು ಯಾವ ರಾಜ್ಯದಲ್ಲಿದ್ದರೂ, ಸ್ವತಂತ್ರರು. ಅದಕ್ಕೆ ಮೊದಲು, ಕೆಂಟಕಿಯಂಥ ರಾಜ್ಯದಲ್ಲಿ ಒಬ್ಬ ಗುಲಾಮ ಸೇನೆಗೆ ಸೇರಿ ಸ್ವತಂತ್ರನಾದರೂ, ಅವನ ಮನೆಯವರು ಹಳೆಯ ಒಡೆಯನ ಕೋಪದ ಕೈಯಲ್ಲೇ ಉಳಿಯುತ್ತಿದ್ದರು. ಗಂಡಸು ಕರಾರಿನಿಂದ ಬಿಡಿಸಿಕೊಂಡರೂ ಮನೆ ಬಿಡಿಸಿಕೊಂಡಿರುವುದಿಲ್ಲ ಎಂಬ ತಿಳಿವಳಿಕೆ ಪುಸ್ತಕದಿಂದ ಬಂದದ್ದೆಂದು ನನಗೆ ತೋರುವುದಿಲ್ಲ.

ಒಂದು ಅಡ್ಡಮಾತು: ವರ್ಷಕ್ಕೆ ಒಂದು ತಿಂಗಳು ಶಾಲೆ ಕಂಡಿದ್ದ ಈ ಮನುಷ್ಯರೇ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸುವ ಮಸೂದೆಯನ್ನು ಸೆನೆಟ್‌ನಲ್ಲಿ ಮಂಡಿಸಿದರು. ಅದಕ್ಕೆ ಲಿಂಕನ್ ಸಹಿ ಬಿದ್ದದ್ದು, ಮೇಲೆ ಟೀಕೆಗೊಳಗಾದ ಸೇನಾ ಭರ್ತಿ ಕಾಯಿದೆಯ ದಿನವೇ, 1863ರ ಮಾರ್ಚ್ 3ರಂದು.

ಕಸುಬು ಮನುಷ್ಯನ ರಾಜಕೀಯವನ್ನು ತಾನಾಗಿಯೇ ತೀರ್ಮಾನಿಸುವುದಿಲ್ಲ ಎಂಬ ಎರಡನೆಯ ಉತ್ತರದ ಎಚ್ಚರಿಕೆಗೆ ನಾನೇ ಒಂದು ಸಾಕ್ಷಿ ಒದಗಿಸುತ್ತೇನೆ. ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ದರ್ಜಿ. ಅವರೂ ಕಡುಬಡತನದಲ್ಲಿ ಹುಟ್ಟಿದರು, ಚಿಕ್ಕ ವಯಸ್ಸಿನಲ್ಲೇ ನಾರ್ತ್ ಕೆರೊಲಿನಾದ ರಾಲಿಯಲ್ಲಿ ದರ್ಜಿಯೊಬ್ಬರ ಬಳಿ ಕರಾರಿಗೆ ಕಟ್ಟುಬಿದ್ದರು, 1824ರಲ್ಲಿ ಅಲ್ಲಿಂದ ಓಡಿಹೋದರು, ಟೆನೆಸೀಯ ಗ್ರೀನ್‌ವಿಲ್‌ನಲ್ಲಿ ಅಂಗಡಿ ಇಟ್ಟು, ಊರಿನ ಸಭೆಯಿಂದ ರಾಜ್ಯದ ಶಾಸನಸಭೆಗೆ, ಅಲ್ಲಿಂದ ಸೆನೆಟ್‌ಗೆ ಏರಿದರು. ವಿಲ್ಸನ್ ಅವರ ಜಾತಕವೇ ಅದು. ಆದರೆ ಜಾನ್ಸನ್ ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದರು, ಯುದ್ಧದ ನಂತರ ಬಿಡುಗಡೆಯಾದವರಿಗೆ ನೆರವಾಗುವ ಮಸೂದೆಗಳನ್ನು ತಡೆದರು. 1868ರಲ್ಲಿ ಅವರ ಮೇಲೆ ಮಹಾಭಿಯೋಗ ನಡೆದಾಗ ಅಪರಾಧಿ ಎಂದ 35 ಸೆನೆಟರುಗಳಲ್ಲಿ ವಿಲ್ಸನ್ ಕೂಡ ಒಬ್ಬರು. ಒಂದೇ ಮತದ ಕೊರತೆಯಿಂದ ಜಾನ್ಸನ್ ಉಳಿದುಕೊಂಡರು.

ಉತ್ತರ 2 ಬರೆದವರು

ಮಾರ್ಚ್ 20ರ ಭಾಷಣದ ವಿಷಯದಲ್ಲಿ ಸೋಲೊಪ್ಪುತ್ತೇನೆ. ಪ್ರಶ್ನೆ ಕೇಳಿದವರು ಬಯಸಿದ್ದು ಅದನ್ನೇ. ಆದರೆ ಲೇಖನದಲ್ಲಿ ಕ್ರೆಡಿ ಮೊಬಿಲಿಯೆ ಹಗರಣವನ್ನು ಬಿಟ್ಟುಬಿಡಬೇಡಿ. ರೈಲ್ವೆ ಗುತ್ತಿಗೆಯ ಆ ಕಂಪನಿಯ ಷೇರುಗಳನ್ನು ಶಾಸಕರಿಗೆ ಹಂಚಲಾಗಿತ್ತು. ವಿಲ್ಸನ್ 20 ಷೇರುಗಳನ್ನು ಹೆಂಡತಿಯ ಹೆಸರಿನಲ್ಲಿ, ಮದುವೆಯ ಬೆಳ್ಳಿಹಬ್ಬಕ್ಕೆ ಸ್ನೇಹಿತರು ಕೊಟ್ಟಿದ್ದ ಉಡುಗೊರೆಯ ಹಣದಿಂದ ಕೊಂಡು, ಆಮೇಲೆ ಮನಸ್ಸು ಬದಲಿಸಿ ಹಿಂತಿರುಗಿಸಿದ್ದರು. ಅಷ್ಟನ್ನೇ ಹೇಳಿದ್ದರೆ ಮುಗಿಯುತ್ತಿತ್ತು. 1872ರ ಉಪಾಧ್ಯಕ್ಷ ಚುನಾವಣೆಯ ಮಧ್ಯೆ ವಿಷಯ ಬಯಲಾದಾಗ, ಅವರು ಕೊಟ್ಟ ನಿರಾಕರಣೆ ಓದುಗರಿಗೆ ತಪ್ಪು ಅರ್ಥ ಬರುವಂತಿತ್ತು. ಹಣದಾಸೆಗಿಂತ ಹೆಸರು ಕೆಡುವ ಭಯವೇ ಅವರನ್ನು ಎಡವಿಸಿತು ಎಂದು ನನ್ನ ಓದು.

ಉತ್ತರ 1 ಬರೆದವರು

ಹಣದಾಸೆ ಅಲ್ಲ ಎನ್ನುವುದಕ್ಕೆ ಒಂದು ವಿವರ ಸೇರಿಸುತ್ತೇನೆ. 1873ರ ಮಾರ್ಚ್‌ನಲ್ಲಿ ಉಪಾಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸುವ ಸಮಾರಂಭದ ಖರ್ಚಿಗೆ ಅವರ ಬಳಿ ಹಣವಿರಲಿಲ್ಲ; ಸಮ್ನರ್ ಅವರಿಂದ 100 ಡಾಲರ್ ಸಾಲ ಪಡೆದರು. ಆ ಹೊತ್ತಿಗಾಗಲೇ ಹೆಂಡತಿ ಹ್ಯಾರಿಯೆಟ್ 1870ರಲ್ಲಿ ತೀರಿಕೊಂಡಿದ್ದರು, ಒಬ್ಬನೇ ಮಗ ಅದಕ್ಕೂ ಮೊದಲೇ ಹೋಗಿದ್ದ. 1873ರಲ್ಲೇ ಪಾರ್ಶ್ವವಾಯು ಬಡಿದ ಮೇಲೆ ಸೆನೆಟ್‌ಗೆ ಬರುವುದು ಕಡಿಮೆಯಾಗಿ, ಉಳಿದ ಶಕ್ತಿಯನ್ನೆಲ್ಲ ಅಮೆರಿಕದಲ್ಲಿ ಗುಲಾಮಗಿರಿಯ ಬಲದ ಏಳುಬೀಳಿನ ಕುರಿತ ತಮ್ಮ ಮೂರು ಸಂಪುಟಗಳ ಇತಿಹಾಸದ ಬರವಣಿಗೆಗೆ ಇಟ್ಟರು. ಕೊನೆಯ ಸಂಪುಟ ಹೊರಬಂದದ್ದು ಅವರು ಹೋದ ಮೇಲೆ. 1875ರ ನವೆಂಬರ್ 22ರ ಬೆಳಿಗ್ಗೆ ಅವರು ಪ್ರಾಣ ಬಿಟ್ಟದ್ದು ಸಂಸತ್ ಭವನದೊಳಗಿನ ಉಪಾಧ್ಯಕ್ಷರ ಕೊಠಡಿಯಲ್ಲೇ. ಡೇನಿಯಲ್ ಚೆಸ್ಟರ್ ಫ್ರೆಂಚ್ ಕಡೆದ ಅವರ ಅಮೃತಶಿಲೆಯ ಎದೆಯಳತೆಯ ಶಿಲ್ಪ ಆ ಕೊಠಡಿಗೆ ಸೇರಿತು.

ಪ್ರಶ್ನೆ ಕೇಳಿದವರಿಗೆ ಒಂದು ಸಲಹೆ. ಲೇಖನದಲ್ಲಿ ಅವರನ್ನು ‘ಮೋಚಿ’ ಎಂದು ಬರೆಯುವಾಗ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ, ಯಾಕೆಂದರೆ ಅದು ಜನ ಇಟ್ಟ ಹೆಸರು. ನಿಮ್ಮ ಸ್ವಂತ ಮಾತಿನಲ್ಲಿ ‘ಬೂಟು ಮಾಡುವವರು’ ಎನ್ನಿ. ಅವರು ಕೂತು ದುಡಿದ ಹತ್ತಡಿಯ ಕೊಠಡಿ ನಾಟಿಕ್‌ನ ವೆಸ್ಟ್ ಸೆಂಟ್ರಲ್ ಬೀದಿಯ ಬದಿಯಲ್ಲಿ ಈಗಲೂ ನಿಂತಿದೆ. ಲೇಖನಕ್ಕೆ ಚಿತ್ರ ಬೇಕಾದರೆ ಅಮೃತಶಿಲೆಯ ಮುಖಕ್ಕಿಂತ ಅದನ್ನೇ ಹಾಕಿ.